ದಿನಕ್ಕೆ ಎಷ್ಟು ಓಡಿಸ್ತೀರಿ ಅಂತ ಒಬ್ಬರಾದರೂ ಕೇಳಬಾರದಾ?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರಾಗುತ್ತೇನೆ. ಇಲ್ಲಾಂದ್ರೆ ಮನೆಯವರ ಮೇಲೆ ರೇಗುತ್ತೇನೆ. (ಆಗಲೇ ಎರಡು ಸಲ ರೇಗಿದ್ದೂ ಆಯಿತು.)

ಸಿರುಗುಪ್ಪ ಕಡೆಯ ನಮ್ಮ ಚಿಕ್ಕಪ್ಪನ ಮಗ ಗೊತ್ತಲ್ಲ, ಭತ್ತ, ಮೆಣಸಿನಕಾಯಿ ಬೆಳೆಯೋನು. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಎಸ್‌ಯುವಿ ಕಾರುಗಳ ತೆರಿಗೆ ಸೆಸ್ ಸೇರಿ 50 ಪರ್ಸೆಂಟ್ ಇದ್ದದ್ದು 40ಕ್ಕೆ ಇಳಿಯಿತು ನೋಡಿ, ಅವತ್ತಿನಿಂದ ಅವನಿಗೆ ನಿದ್ದೆ ಇಲ್ಲ. "ಅಕ್ಕ, ನಿನ್ನ ತಾವ ಅಂಥದೇ ಗಾಡಿ ಐತಲ್ಲ, ನೀನೂ ಬಾ ಶೋರೂಮಿಗೆ" ಅಂದ. ಹೋದೆ.

ಅಲ್ಲಿದ್ದ ಹುಡುಗ ಮಾತಿನಲ್ಲಿ ಬಲು ಚುರುಕು. ನನಗೆ ಕುರ್ಚಿ ಹಾಕಿದ, ಕಾಫಿ ಕೊಟ್ಟ. ಗಾಡಿಯ ವಿಷಯ ಮಾತ್ರ ನನ್ನ ತಮ್ಮನ ಮುಖ ನೋಡಿಯೇ ಹೇಳಿದ. ಮೂರು ವರ್ಷದಿಂದ ಅಂಥದೇ ಗಾಡಿ ಓಡಿಸುತ್ತಿರುವವಳು ನಾನು, ಹೈವೇಗೆ ಸ್ಟೀರಿಂಗ್ ಮುಟ್ಟದವರು ನಮ್ಮ ಮನೆಯವರು. ಇರಲಿ, ಅದು ಬೇರೆ ಪೋಸ್ಟು.

"ಸರ್, ಆಲ್ ವೀಲ್ ಡ್ರೈವ್ ತಗೊಳ್ಳಿ. ನಿಮ್ದು ಎರೆ ಹೊಲ ಅಲ್ವಾ? ನಾಲ್ಕೂ ಗಾಲಿ ಎಳೀತಾವೆ. ಎಲ್ಲಿ ಬೇಕಾದ್ರೂ ನುಗ್ಗುತ್ತೆ."

ತಮ್ಮನ ಕಣ್ಣು ಮಿನುಗಿತು. ನನ್ನ ಹೊಟ್ಟೆ ಉರಿಯಿತು. ಆ ಹುಡುಗ ಬಣ್ಣ ಯಾವುದು ಅಂತ ಕೇಳಿದ. ಲೋನ್ ಎಷ್ಟು ಅಂತ ಕೇಳಿದ. ಹಳೇ ಗಾಡಿ ಕೊಡ್ತೀರಾ ಅಂತ ಕೇಳಿದ. ಸನ್‌ರೂಫ್ ತೆರೆದು ತೋರಿಸಿದ. (ಬಳ್ಳಾರಿ ಬಿಸಿಲಿಗೆ ಸನ್‌ರೂಫ್! ಇಲ್ಲಿ ಛತ್ರಿ ಹಿಡಿಯೋದೇ ಬಿಸಿಲಿಗೆ, ಮಳೆಗಲ್ಲ.) ಒಂದೇ ಒಂದು ಪ್ರಶ್ನೆ ಬಿಟ್ಟು ಎಲ್ಲ ಕೇಳಿದ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ, ಎಲ್ಲಿ ಓಡಿಸ್ತೀರಿ?

ಮೂರು ವರ್ಷದ ಹಿಂದೆ ನನ್ನನ್ನೂ ಯಾರೂ ಇದನ್ನು ಕೇಳಿರಲಿಲ್ಲ.

ನನ್ನ ದಿನಚರಿ ನಿಮಗೆಲ್ಲ ಗೊತ್ತಿರೋದೇ. ಮನೆಯಿಂದ ಕಾಲೇಜು ಎರಡೂವರೆ ಕಿಲೋಮೀಟರ್. ಮಧ್ಯದಲ್ಲಿ ಮಗಳ ಶಾಲೆ. ವಾಪಸ್ ಬರುವಾಗ ತರಕಾರಿ. ಇಷ್ಟಕ್ಕೆ 2.2 ಲೀಟರ್ ಡೀಸೆಲ್ ಇಂಜಿನ್, ಏಳು ಸೀಟು, ಆಟೋಮ್ಯಾಟಿಕ್, ನಾಲ್ಕೂ ಗಾಲಿ ಎಳೆಯೋ ಗಾಡಿ. ಕೊತ್ತಂಬರಿ ಕಟ್ಟು ತರೋಕೆ ಆನೆ ಮೇಲೆ ಹೋದ ಹಾಗೆ. ರಾಯಲ್ ಸರ್ಕಲ್ ಹತ್ತಿರ ಅದನ್ನು ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ಕೊತ್ತಂಬರಿ ಬಾಡಿರುತ್ತೆ.

ಜಾಗದ ಮಾತು ಬಿಡಿ, ಸಮಸ್ಯೆ ಅದಲ್ಲ. ಸಮಸ್ಯೆ ಇರೋದು ಮಸಿಯದು.

2020ರ ಏಪ್ರಿಲ್ 1ರಿಂದ ಬಂದಿರೋ ಬಿಎಸ್6 ಅನ್ನೋ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆ ಹೋಗುವ ದಾರಿಗೆ ಒಂದು ಜರಡಿ ಕೂರಿಸಿರುತ್ತಾರೆ. ಡಿಪಿಎಫ್ ಅಂತ ಹೆಸರು. ಮಸಿ ಗಾಳಿಗೆ ಸೇರದೆ ಅಲ್ಲೇ ಕೂರುತ್ತೆ. ಒಳ್ಳೇದೇ. ಆದರೆ ಜರಡಿ ತುಂಬಿದ ಮೇಲೆ ಮಸಿಯನ್ನು ಸುಡಬೇಕಲ್ಲ? ಅದಕ್ಕೆ ಗಾಡಿ ತಾನೇ ಒಂದಿಷ್ಟು ಡೀಸೆಲ್ ಜಾಸ್ತಿ ಚಿಮ್ಮಿಸಿ, ಹೊಗೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನು ಬೂದಿ ಮಾಡುತ್ತೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ನೀವು ನಿಲ್ಲದೆ, ಒಂದೇ ಸಮ ವೇಗದಲ್ಲಿ ಓಡಿಸುತ್ತಿರಬೇಕು. ಎರಡೂವರೆ ಕಿಲೋಮೀಟರಿಗೆ ಇಂಜಿನ್ ಸರಿಯಾಗಿ ಬಿಸಿಯೇ ಆಗಿರಲ್ಲ. ಸುಡೋಕೆ ಶುರು ಮಾಡಿದರೂ ಅಷ್ಟರಲ್ಲಿ ಕಾಲೇಜು ಬಂದಿರುತ್ತೆ, ನಾನು ಕೀ ತೆಗೆದಿರುತ್ತೇನೆ. ಹೀಗೆ ಅರ್ಧಂಬರ್ಧ ಆದಾಗಲೆಲ್ಲ ಆ ಜಾಸ್ತಿ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತೆ. ಒಂದು ಸಲ ಮೆಕಾನಿಕ್ ಡಿಪ್‌ಸ್ಟಿಕ್ ಎಳೆದು ನೋಡಿ ನಕ್ಕ. "ಎಲ್ಲರ ಗಾಡ್ಯಾಗ ಆಯಿಲ್ ಕಮ್ಮಿ ಆಗ್ತೈತೆ ಮೇಡಂ, ನಿಮ್ಮದ್ರಾಗ ಜಾಸ್ತಿ ಆಗೈತೆ." ಮೂಸಿ ನೋಡಿದೆ. ಡೀಸೆಲ್ ವಾಸನೆ ಗಪ್ಪಂತ ಹೊಡೆಯಿತು. ಆಯಿಲ್ ಪೂರ್ತಿ ಬದಲಾಯಿಸಿದ್ದಾಯಿತು.

ಆಮೇಲಿನಿಂದ ನಮ್ಮ ಮನೆಯಲ್ಲಿ ಹೊಸ ಪದ್ಧತಿ. ಡ್ಯಾಷ್‌ಬೋರ್ಡಿನಲ್ಲಿ ಜರಡಿ ತುಂಬಿದೆ ಅನ್ನೋ ಹಳದಿ ದೀಪ ಹತ್ತಿತು ಅಂದರೆ ರಾತ್ರಿ ಊಟ ಮುಗಿಸಿ ಎಲ್ಲರೂ ಗಾಡಿ ಹತ್ತಬೇಕು. ಹೊಸಪೇಟೆ ರೋಡಲ್ಲಿ ಕುಡತಿನಿವರೆಗೆ ಹೋಗಿ ಬರಬೇಕು. ಎಪ್ಪತ್ತರಲ್ಲಿ ನಿಧಾನಕ್ಕೆ, ಅದಿರು ಲಾರಿಗಳ ಹಿಂದೆ ಮುಂದೆ. ಜನ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಾರೆ, ನಾವು ಕಾರನ್ನು. ಇನ್ನೊಂದು ತಮಾಷೆ ನೋಡಿ. ನನ್ನ ಗಾಡಿಯ ಒಂದು ಮುಷ್ಟಿ ಮಸಿ ಸುಡೋಕೆ ನಾನು ಹೋಗುವುದು 1,700 ಮೆಗಾವ್ಯಾಟ್‌ನ ಥರ್ಮಲ್ ಸ್ಟೇಷನ್ ಹತ್ತಿರಕ್ಕೆ. ಅಲ್ಲಿ ಆ ಮುಗಿಲೆತ್ತರದ ಚಿಮಣಿಗಳನ್ನು ನೋಡಿ ಮಗಳು ಒಂದು ದಿನ ಕೇಳಿದಳು, "ಅಮ್ಮ, ಅದಕ್ಕೂ ಹಳದಿ ಲೈಟ್ ಇದೆಯಾ?"

ಉತ್ತರ ಹೇಳದೆ ಯೂಟರ್ನ್ ತಗೊಂಡೆ.

ಕೇಳಿದ್ದರೆ ಏನಾಗುತ್ತಿತ್ತು? ದಿನಕ್ಕೆ ಎಷ್ಟು ಓಡಿಸ್ತೀರಿ ಮೇಡಂ? ಐದಾರು ಕಿಲೋಮೀಟರ್. ಹಾಗಾದ್ರೆ ಡೀಸೆಲ್ ಬೇಡ ಮೇಡಂ. ಮುಗಿಯಿತಲ್ಲ? ಹತ್ತು ಸೆಕೆಂಡಿನ ಮಾತು.

ಇನ್ನು ಎರೆ ಹೊಲದ ಕಥೆ. ನಮ್ಮ ತಮ್ಮ ಇದಕ್ಕೆ ಸಾಕ್ಷಿ, ಅದಕ್ಕೇ ನಿನ್ನೆ ಅವನ ಕಣ್ಣು ಮಿನುಗಿದ್ದು ನೋಡಿ ನನಗೆ ಅಷ್ಟು ಸಿಟ್ಟು ಬಂದದ್ದು. ಹಿಂದಿನ ದೀಪಾವಳಿ ಮುಂದೆ ಎರಡು ದಿನ ಮಳೆ ಹಿಡಿದಿತ್ತು. ಅವರ ಹೊಲದ ಬಂಡಿದಾರಿ. "ನಾಲ್ಕೂ ಗಾಲಿ ಎಳೀತಾವ, ನಡಿ" ಅಂದವಳು ನಾನೇ. ಎರೆ ಮಣ್ಣು ನಿಮಗೆ ಗೊತ್ತಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತೆ, ಮಳೆ ಬಿದ್ದರೆ ಉಬ್ಬಿ ಬೆಣ್ಣೆಯಾಗುತ್ತೆ. ಐವತ್ತು ಮಾರು ಚೆನ್ನಾಗಿಯೇ ಹೋಯಿತು. ಹೆಮ್ಮೆಯಿಂದ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದೆ. ಅಷ್ಟರಲ್ಲಿ ನಿಂತಿತು.

ಇಳಿದು ನೋಡಿದರೆ ಟೈರೇ ಕಾಣುತ್ತಿರಲಿಲ್ಲ. ನಾಲ್ಕು ಕರಿ ಲಾಡು. ರೋಡಿಗೆ ಅಂತ ಮಾಡಿದ ಟೈರಿನ ಗೀರುಗಳಲ್ಲಿ ಮಣ್ಣು ಮೆತ್ತಿ, ಮೇಲೆ ಇನ್ನೊಂದು ಪದರ ಮೆತ್ತಿ, ಗಾಲಿ ನುಣ್ಣಗಾಗಿತ್ತು. ಅಲ್ಲಿ ನನಗೆ ಜ್ಞಾನೋದಯ. ಇಂಥ ಗಾಡಿಯಲ್ಲಿ ಮಾಮೂಲಿಯಾಗಿ ಎಳೆಯೋದು ಮುಂದಿನ ಗಾಲಿಗಳೇ. ಅವು ಜಾರಿದಾಗ ಒಂದು ಕ್ಲಚ್ ಕಚ್ಚಿಕೊಂಡು ಹಿಂದಿನ ಗಾಲಿಗಳಿಗೂ ಶಕ್ತಿ ಕಳಿಸುತ್ತೆ. ಶಕ್ತಿ ನಾಲ್ಕಕ್ಕೂ ಹೋಗುತ್ತೆ, ನಿಜ. ಆದರೆ ನೆಲ ಹಿಡಿಯೋದು ಟೈರು. ಟೈರಿಗೆ ಹಿಡಿತ ಇಲ್ಲದಿದ್ದರೆ ಎರಡು ಗಾಲಿ ಸುಮ್ನೆ ತಿರುಗುವ ಬದಲು ನಾಲ್ಕು ಗಾಲಿ ಸುಮ್ನೆ ತಿರುಗುತ್ತವೆ, ಅಷ್ಟೇ.

ಪಕ್ಕದ ಹೊಲದ ಹುಡುಗ ಟ್ರ್ಯಾಕ್ಟರ್ ತಂದ. ಹಗ್ಗ ಕಟ್ಟುತ್ತಾ ಕೇಳಿದ, "ನಾಲ್ಕೂ ಗಾಲಿ ತಿರುಗ್ತಾವ ಅಂದ್ರಂತಲ್ಲ ಅಕ್ಕಾರೆ?"

"ಹೂಂನಪ್ಪ."

"ತಿರುಗ್ತಾವ ಬಿಡ್ರಿ. ಇದ್ದಲ್ಲೇ ತಿರುಗ್ತಾವ."

ಚಕ್ಕಡಿ ಎಳೆಯುವ ಎತ್ತುಗಳು ಕೂಡ ನಮ್ಮನ್ನು ನೋಡಿ ನಿಂತಿದ್ದವು. ಮನೆಗೆ ಬಂದ ಮೇಲೆ ಗಾಲಿಯ ಒಳಗಿನ ಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ದೋಸೆ ಮಗುಚುವ ಸಟ್ಟುಗದಿಂದ ಕೆರೆದೆ. ಸಟ್ಟುಗ ಬಾಗಿತು. ಅತ್ತೆ ಇವತ್ತಿಗೂ ಅದರ ಲೆಕ್ಕ ಕೇಳುತ್ತಾರೆ.

ಟೈರ್ ಅಂದ ಕೂಡಲೇ ನೆನಪಾಯಿತು. ಒಂದು ಸಲ ತೋರಣಗಲ್ಲು ದಾಟಿದ ಮೇಲೆ ರೋಡಲ್ಲಿ ಬಿದ್ದ ಕಬ್ಬಿಣದ ಚೂರಿಗೆ ಎಡಗಡೆ ಹಿಂದಿನ ಟೈರಿನ ಪಕ್ಕ ಸೀಳಿತು. ಪಕ್ಕ ಸೀಳಿದ್ದಕ್ಕೆ ಪಂಕ್ಚರ್ ಹಾಕೋಕೆ ಬರಲ್ಲ. ಸರಿ, ಒಂದು ಹೊಸದು ಹಾಕಿಸೋಣ ಅಂತ ಹೋದೆ. ಉಳಿದ ಮೂರು ಆಗಲೇ ಸವೆದಿದ್ದವು. ಆಗ ಓದಿದೆ ಗಾಡಿ ಜೊತೆ ಕೊಟ್ಟಿದ್ದ ಪುಸ್ತಕ. ನಾಲ್ಕೂ ಒಂದೇ ಅಳತೆ, ಒಂದೇ ಥರ, ಸವೆತವೂ ಹೆಚ್ಚು ಕಮ್ಮಿ ಒಂದೇ ಇರಬೇಕಂತೆ. ಒಂದು ಟೈರ್ ಹೊಸದಾದರೆ ಅದರ ಸುತ್ತಳತೆ ಜಾಸ್ತಿ, ಉಳಿದವಕ್ಕಿಂತ ನಿಧಾನ ತಿರುಗುತ್ತೆ. ಗಾಡಿಯ ಕಂಪ್ಯೂಟರ್‌ಗೆ ಯಾವುದೋ ಗಾಲಿ ಜಾರುತ್ತಿದೆ ಅಂತ ಅನುಮಾನ. ಕ್ಲಚ್ ಸುಮ್ನೆ ದುಡಿದು ಕಾಯುತ್ತೆ, ಸವೆಯುತ್ತೆ. ಟೈರ್ ಅಂಗಡಿಯವರು "ಏನಾಗಲ್ರಿ, ಒಂದೇ ಹಾಕ್ರಿ" ಅಂದರು. ನನಗೆ ಧೈರ್ಯ ಬರಲಿಲ್ಲ. ನಾಲ್ಕೂ ಹಾಕಿಸಿದೆ. ಅರವತ್ತು ಸಾವಿರ ಚಿಲ್ಲರೆ. ಒಂದು ಕಾಲಿಗೆ ಮುಳ್ಳು ಚುಚ್ಚಿದ್ದಕ್ಕೆ ಇಡೀ ಮನೆಗೆ ಚಪ್ಪಲಿ ತಂದ ಹಾಗಾಯಿತು.

ಯೂರಿಯಾ ವಿಷಯ ಬೇಗ ಮುಗಿಸುತ್ತೇನೆ. ಹೊಗೆ ಶುದ್ಧ ಮಾಡೋಕೆ ನನ್ನ ಗಾಡಿ ಯೂರಿಯಾ ಕುಡಿಯುತ್ತೆ. ಡಿಇಎಫ್ ಅಂತ ಅದರ ಹೆಸರು, ಬಂಕ್ ಹುಡುಗರು ಯೂರಿಯಾ ಅಂತಲೇ ಕರೆಯೋದು. 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ಶುದ್ಧ ಮಾಡಿದ ನೀರು. ಖಾಲಿಯಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗಲ್ಲ. ನಿನ್ನೆ ತಮ್ಮ ಕೇಳಿದ್ದು, "ಸೊಸೈಟಿಯಾಗಿನ ಯೂರಿಯಾ ಬಕೆಟ್‌ನಾಗ ಕಲಸಿ ಹಾಕಿದ್ರ ನಡೀತೈತೇನಕ್ಕ?" ನಡೆಯಲ್ಲಪ್ಪ. ಗೊಬ್ಬರದ ಯೂರಿಯಾ ಅಷ್ಟು ಶುದ್ಧ ಇರಲ್ಲ, ಚಿಮ್ಮುವ ನಳಿಕೆ ಕಟ್ಟಿಕೊಂಡು ಇನ್ನೊಂದು ಲಕ್ಷದ ಬಾಬತ್ತು. ಮುಂಗಾರಿನಲ್ಲಿ ಹೊಲಕ್ಕೆ ಒಂದು ಸಾಲಲ್ಲಿ ನಿಲ್ಲುತ್ತಾನೆ, ಇನ್ನು ಗಾಡಿಗೆ ಬೇರೆ ಸಾಲು.

ಈಗ ಕಾಮೆಂಟಿನಲ್ಲಿ ಬರೋದು ಗೊತ್ತು. "ಮೊದಲೇ ಪುಸ್ತಕ ಓದಬೇಕಿತ್ತು." ಸ್ವಾಮಿ, ಆ ಪುಸ್ತಕ ಕೊಟ್ಟಿದ್ದು ಕೀ ಜೊತೆಗೆ, ದುಡ್ಡು ಪೂರ್ತಿ ಕಟ್ಟಿದ ಮೇಲೆ. "ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಬಂದ್ ಅಂತೆ." ಅದು ದೆಹಲಿ ಕಡೆಯ ಮಾತು. ನಮ್ಮಲ್ಲಿ ಸ್ವಂತದ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಇರುತ್ತೆ, ಆಮೇಲೆ ರಿನ್ಯೂವಲ್. "ಅಷ್ಟು ಕಷ್ಟ ಇದ್ದರೆ ಮಾರಿಬಿಡಿ." ಇದನ್ನು ಹೇಳುವವರು ಮೊದಲು ಬಂದು ತಗೊಳ್ಳಲಿ, ಆಮೇಲೆ ಮಾತಾಡೋಣ.

ಮತ್ತೆ ಎಲ್ಲರೂ ಕೇಳುವ ಆ ಇನ್ನೊಂದು ಪ್ರಶ್ನೆ: "ಎಷ್ಟು ಕೊಡ್ತೈತೆ?" ಮದುವೆ ಮನೆಯಲ್ಲಿ, ಬಂಕಿನಲ್ಲಿ, ಸಾವಿನ ಮನೆಯ ಹೊರಗೆ ಕೂಡ. ಊರೊಳಗೆ ಒಂಬತ್ತು, ಹೈವೇಯಲ್ಲಿ ಹದಿನಾಲ್ಕು. ಎಷ್ಟು ತಗೊಳ್ತೈತೆ ಅಂತ ಒಬ್ಬರೂ ಕೇಳಲ್ಲ.

ಇಷ್ಟೆಲ್ಲ ಬೈದೆ. ಒಂದು ನಿಜ ಹೇಳಿಬಿಡಲಾ? ಮೂರು ವರ್ಷದ ಹಿಂದೆ ಶೋರೂಮಿನಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದ್ದರೂ ನಾನು ಸುಳ್ಳು ಹೇಳುತ್ತಿದ್ದೆ. "ತಿಂಗಳಿಗೊಮ್ಮೆ ಮಲೆನಾಡಿಗೆ ಹೋಗ್ತೀವಿ" ಅಂತಿದ್ದೆ. ಮೂರು ವರ್ಷದಲ್ಲಿ ಮಲೆನಾಡಿಗೆ ಹೋಗಿದ್ದು ಒಂದು ಸಲ. ಆ ಗಾಡಿ ನನಗೆ ಬೇಕಿತ್ತು, ಅಷ್ಟೇ. ಲೂನಾ ಕಾಲದಿಂದ "ಹೆಂಗಸ್ರಿಗೆ ಸಣ್ಣ ಗಾಡಿ ಸಾಕು" ಅಂತ ಕೇಳಿ ಕೇಳಿ ಸಾಕಾಗಿತ್ತು. ಎತ್ತರದಲ್ಲಿ ಕೂತು ಓಡಿಸಬೇಕಿತ್ತು.

ಇನ್ನೂ ಒಂದು. ಹೋದ ಮಳೆಗಾಲದಲ್ಲಿ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿದ್ದೆವು. ವಾಪಸ್ ಬರುವಾಗ ಮಳೆ. ರೋಡಿನ ಮೇಲೆಲ್ಲ ಅದಿರಿನ ಕೆಂಪು ಧೂಳು ನೆನೆದು ಕೆಸರಾಗಿ, ತಿರುವಿನಲ್ಲಿ ಎಣ್ಣೆ ಚೆಲ್ಲಿದ ಹಾಗಿತ್ತು. ಮುಂದೆ ಹೋಗುತ್ತಿದ್ದ ಸಣ್ಣ ಕಾರು ಏರಿನಲ್ಲಿ ಎರಡು ಸಲ ಜಾರಿ ಪಕ್ಕಕ್ಕೆ ನಿಂತಿತು. ನಮ್ಮದು ಒಂದೇ ಒಂದು ಸಲ ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದ ಹಾಗೆ ಆಗಿ, ಹತ್ತಿಕೊಂಡು ಬಂತು. ಏಳು ಜನ ಒಳಗೆ. ಅತ್ತೆ ನಿದ್ದೆಯಿಂದ ಏಳಲೂ ಇಲ್ಲ. ಆವತ್ತು ಮನೆಗೆ ಬಂದು ಬಾನೆಟ್ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಯಾರೂ ನೋಡಿಲ್ಲ ಅಂದುಕೊಂಡಿದ್ದೇನೆ.

ಆದರೂ ಕೇಳಬೇಕಿತ್ತು. ನನ್ನ ಸುಳ್ಳು ನನ್ನ ಕರ್ಮ. ಕೇಳೋದು ಅವರ ಕೆಲಸ ಅಲ್ವಾ? ನಿನ್ನೆ ತಮ್ಮನಿಗೆ ನಾನೇ ಕೇಳಿದೆ, ಆ ಹುಡುಗನ ಎದುರಿಗೇ. "ದಿನಕ್ಕೆ ಎಷ್ಟು ಓಡಿಸ್ತೀಯೋ?" ಮನೆಯಿಂದ ಹೊಲ ಮೂರು ಕಿಲೋಮೀಟರ್, ಹೊಲದಿಂದ ಮನೆ ಮೂರು. ವಾರಕ್ಕೊಮ್ಮೆ ಸಿರುಗುಪ್ಪ. ಶೋರೂಮಿನ ಹುಡುಗ ಮೊಬೈಲ್ ನೋಡುತ್ತಾ ಕೂತ. ನಾನು ಡಿಪಿಎಫ್ ಪುರಾಣ ಪೂರ್ತಿ ಹೇಳಿದೆ, ಟೈರ್ ಕಥೆ ಹೇಳಿದೆ, ಸಟ್ಟುಗದ ಕಥೆಯನ್ನೂ ಬಿಡಲಿಲ್ಲ. ತಮ್ಮ ತಲೆ ಆಡಿಸಿ ಆಡಿಸಿ ಕೇಳಿದ. "ನೀ ಹೇಳೋದು ಖರೇ ಅಕ್ಕ" ಅಂದ. ಊರಿಗೆ ಹೋದ.

ಇದನ್ನು ಬರೆಯುತ್ತಿರುವಾಗಲೇ ಅವನ ಮೆಸೇಜ್ ಬಂತು. "ಅಕ್ಕ, ಅಡ್ವಾನ್ಸ್ ಕಟ್ಟಿದೆ. ಬಿಳೀದು. ನಾಲ್ಕೂ ಗಾಲೀದೇ. ಡೆಲಿವರಿ ದಿನ ನೀನೇ ನಿಂಬೆಹಣ್ಣು ಇಡಬೇಕು. ಅಂದಂಗ, ನಿಂದು ಎಷ್ಟು ಕೊಡ್ತೈತೆ?"

ಏನು ಹೇಳಲಿ ಇವನಿಗೆ. ಸಾಯಂಕಾಲದಿಂದ ನಮ್ಮ ಗಾಡಿಯಲ್ಲೂ ಹಳದಿ ದೀಪ ಹತ್ತಿದೆ. ಮಗಳು ಆಗಲೇ ಹಿಂದಿನ ಸೀಟಿನಲ್ಲಿ ಕೂತು ಹಾರ್ನ್ ಹೊಡಿ ಅಂತ ಅವರಪ್ಪನಿಗೆ ಹೇಳುತ್ತಿದ್ದಾಳೆ. ಅತ್ತೆ ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಕುಡತಿನಿಗೆ ಹೋಗಿ ಬಂದು ಅವನಿಗೆ ಉತ್ತರ ಹಾಕುತ್ತೇನೆ.