ಎದೆಯ ಮೇಲೆ ಆನೆ, ಹೆಗಲ ಮೇಲೆ ಕಲ್ಲು: ಹಳೇ ಕಾಲದ ಬಲಶಾಲಿಗಳ ಸಾಹಸ ನಿಜವಾದ ಬಲವೇ?

ಪರ: ಕಲ್ಲು ಅಲ್ಲೇ ಇದೆ, ಬಂದು ಎತ್ತಿ

ಹಳೇ ಕಾಲದ ಬಲಶಾಲಿಗಳದ್ದೆಲ್ಲ ಸರ್ಕಸ್ ಆಟ, ಕಟ್ಟುಕಥೆ ಎನ್ನುವವರಿಗೆ ನಾನು ಹೇಳುವುದು ಒಂದೇ ಮಾತು. ಆ ಮನುಷ್ಯರು ಹೋದರು, ಅವರು ಎತ್ತಿದ ಭಾರ ಇನ್ನೂ ಇದೆ. ಹೋಗಿ ಎತ್ತಿ ನೋಡಿ.

ಸ್ಕಾಟ್ಲೆಂಡಿನ ಪೊಟಾರ್ಕ್ ಎಂಬಲ್ಲಿ ಕಬ್ಬಿಣದ ಬಳೆ ಹಾಕಿದ ಎರಡು ಕಲ್ಲುಗಳಿವೆ. ಎರಡೂ ಸೇರಿ ಸುಮಾರು 332 ಕೆ.ಜಿ. 1860ರಲ್ಲಿ ಡೊನಾಲ್ಡ್ ಡಿನ್ನಿ ಅವನ್ನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅಲ್ಲಿನ ಸೇತುವೆಯ ಅಗಲಕ್ಕೆ ದಾಟಿಸಿದ. ಇವತ್ತಿಗೂ ಬೇರೆ ಬೇರೆ ದೇಶದ ಗಟ್ಟಿಗರು ಆ ಕಲ್ಲು ಹುಡುಕಿಕೊಂಡು ಹೋಗುತ್ತಾರೆ. ನೆಲದಿಂದ ನಾಲ್ಕು ಬೆರಳು ಮೇಲೆದ್ದರೂ ಅವರಿಗೆ ಅದು ಜನ್ಮದ ನೆನಪು.

ಇಂಗ್ಲೆಂಡಿನ ಥಾಮಸ್ ಇಂಚ್ ಬಳಿ ಒಂದು ಡಂಬೆಲ್ ಇತ್ತು. ತೂಕ 172 ಪೌಂಡ್, ಅಂದರೆ 78 ಕೆ.ಜಿ. ಜಾಸ್ತಿ ಅನಿಸುವುದಿಲ್ಲ ಅಲ್ವಾ? ಆದರೆ ಅದರ ಹಿಡಿ ನೀರು ಕುಡಿಯುವ ಲೋಟದಷ್ಟು ದಪ್ಪ. ಬೆರಳು ಸುತ್ತಿ ಬಂದು ಹೆಬ್ಬೆರಳಿಗೆ ಸಿಗುವುದೇ ಇಲ್ಲ. ಎತ್ತಲು ಹೋದರೆ ಉರುಳಿ ಕೈ ಬಿಡಿಸಿಕೊಳ್ಳುತ್ತದೆ. ಫ್ರಾನ್ಸಿನ ಬಲಶಾಲಿ ಅಪೊಲಾನ್ ಆಡಿಸುತ್ತಿದ್ದ, ಎರಡು ಚಕ್ರ ಕೂಡಿಸಿದ ಕಬ್ಬಿಣದ ಅಚ್ಚು 166 ಕೆ.ಜಿ. ಮುಂದೆ ಅದನ್ನು ತಲೆಯ ಮೇಲಕ್ಕೆ ಎತ್ತಿದವರು ಯಾರು ಗೊತ್ತೇ? 1930ರಲ್ಲಿ ಶಾರ್ಲ್ ರಿಗುಲೋ, 1949ರಲ್ಲಿ ಜಾನ್ ಡೇವಿಸ್. ಇಬ್ಬರೂ ಒಲಿಂಪಿಕ್ ಚಿನ್ನ ಗೆದ್ದವರು. ಸುಳ್ಳು ಭಾರಕ್ಕೆ ಅಂಥವರು ಬೆವರು ಸುರಿಸುತ್ತಾರಾ?

ಇನ್ನು ಬರೋಡಾದ ಕಲ್ಲು. 1902ರಲ್ಲಿ ಗಾಮಾ ಪೈಲ್ವಾನ 1200 ಕೆ.ಜಿ. ಕಲ್ಲು ಎತ್ತಿದ ಎಂಬ ಮಾತನ್ನೇ ಹಿಡಿದುಕೊಂಡು ತಕ್ಕಡಿ ಪಂಡಿತರು ವಾದಕ್ಕೆ ಬರುತ್ತಾರೆ. ಅವರಿಗೆ ಗಾಮಾ ಯಾರೆಂದೇ ಗೊತ್ತಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಕುಸ್ತಿಪಟು ಜ್ಬಿಸ್ಕೊ ಗಾಮಾನಿಗೆ ಹೆದರಿ ಎರಡೂವರೆ ತಾಸು ಬಹುಪಾಲು ನೆಲಕ್ಕೆ ಅಂಟಿಕೊಂಡೇ ಇದ್ದ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷವೂ ನಿಲ್ಲಲಿಲ್ಲ. ಇಂಥವನ ಬಲದ ಮೇಲೆ ಅನುಮಾನವೇ?

ಈ ಅನುಮಾನ ಪಡುವವರು ಒಂದು ದಿನವೂ ಗುಂಡುಕಲ್ಲು ಮುಟ್ಟಿದವರಲ್ಲ. ನಾನು ಮುಟ್ಟಿದ್ದೇನೆ. ನಮ್ಮೂರ ಹನುಮಪ್ಪನ ಗುಡಿ ಮುಂದೆ ಒಂದಿದೆ. ಎಷ್ಟು ತೂಕವೆಂದು ಯಾರೂ ತೂಗಿಲ್ಲ. ನಾಲ್ಕು ತಲೆಮಾರಿನವರ ಕೈ ಉಜ್ಜಿ ಉಜ್ಜಿ ಅದರ ಹೊಟ್ಟೆ ನುಣ್ಣಗಾಗಿದೆ. ನನ್ನ ಅಜ್ಜ ಪಂಚಮಿ ಹಬ್ಬಕ್ಕೆ ಅದನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಬಿಸಾಕುತ್ತಿದ್ದರಂತೆ. ನನಗೆ 19 ವರ್ಷ ಆದಾಗ ಧೈರ್ಯ ಮಾಡಿದೆ. ಆಗಲೇ ಜಿಮ್‌ನಲ್ಲಿ ಒಳ್ಳೇ ಭಾರ ಎತ್ತುತ್ತಿದ್ದೆ. ಬಗ್ಗಿ ಅಪ್ಪಿಕೊಂಡೆ, ಎಳೆದೆ. ಕಲ್ಲು ಮಿಸುಕಲಿಲ್ಲ. ಮೊಳಕೈ ಒಳಗಿನ ಚರ್ಮ ಕಿತ್ತು ಬಂತು, ಅಷ್ಟೇ. ಹುಡುಗರು ನಕ್ಕರು.

ಅಜ್ಜ ಕಟ್ಟೆಯಿಂದ ಇಳಿದು ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಒಂದು ಹಿಡಿ ಒಣ ಮಣ್ಣು ತೆಗೆದು ನನ್ನ ಅಂಗೈಗೆ, ಮುಂಗೈಗೆ ತಿಕ್ಕಿದರು. "ಎತ್ತಬ್ಯಾಡ, ಮೊದಲು ಉಳ್ಳಿಸಿ ತೊಡಿ ಮ್ಯಾಲ ಕುಂದರಿಸು. ಅಲ್ಲಿ ಒಂದು ಉಸಿರು ತಗೋ" ಎಂದರು. ಕಲ್ಲಿನ ಕೆಳಗೆ ನನ್ನ ಬೆರಳು ಎಲ್ಲಿ ಹೋಗಬೇಕು ಅಂತ ತಮ್ಮ ಕೈಯಿಂದ ತೋರಿಸಿದರು. ಅಲ್ಲಿ ಒಂದು ಸಣ್ಣ ತಗ್ಗು ಇತ್ತು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಆ ವರ್ಷ ತೊಡೆಯವರೆಗೆ ಬಂತು. ಮರುವರ್ಷ ಎದೆಗೆ ಬಂತು. ಮೂರನೇ ಪಂಚಮಿಗೆ ಹೆಗಲಿಗೆ ಏರಿಸಿದೆ. ಕಲ್ಲು ಹಿಂದೆ ಬಿದ್ದ ಸದ್ದು ಕಾಲಿಗೆ ತಟ್ಟಿತು. ತಿರುಗಿ ನೋಡಿದರೆ ಅಜ್ಜನ ಕಣ್ಣು ಒದ್ದೆಯಾಗಿತ್ತು.

ವಿರೋಧ: ಲೆಕ್ಕವನ್ನೂ ಸ್ವಲ್ಪ ನೋಡೋಣ

ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತಿದ್ದೇನೆ. ಈ ಬಲಶಾಲಿಗಳ ಮೇಲೆ ನನಗೂ ಗೌರವವಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅವರು ಗಟ್ಟಿಗರೇ. ಆದರೆ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವಳಾಗಿ ಒಂದೆರಡು ಮಾತು ಹೇಳಲೇಬೇಕು.

ಅವು ರಂಗದ ಮೇಲಿನ ಆಟಗಳು, ಟಿಕೆಟ್ ಮಾರಬೇಕಿತ್ತು. 1889ರಲ್ಲಿ ಲಂಡನ್ನಿನಲ್ಲಿ ಸ್ಯಾಂಪ್ಸನ್ ಎಂಬಾತ ಮೈಬಲದಿಂದ ಸರಪಳಿ ತುಂಡರಿಸಿ, ನನ್ನಂತೆ ಮಾಡಿ ತೋರಿಸಿದವರಿಗೆ ಬಹುಮಾನ ಎಂದು ಸವಾಲು ಹಾಕುತ್ತಿದ್ದ. 22ರ ಹುಡುಗ ಸ್ಯಾಂಡೋ ವೇದಿಕೆ ಹತ್ತಿ ಮಾಡಿಯೇ ತೋರಿಸಿದ. ಬಲ ಎಷ್ಟು, ಸರಪಳಿಯ ಗುಟ್ಟು ಎಷ್ಟು ಎಂದು ನೋಡುತ್ತಿದ್ದ ಜನರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಕೆನಡಾದ ಲೂಯಿ ಸಿರ್ 1895ರಲ್ಲಿ ಬಾಸ್ಟನ್‌ನಲ್ಲಿ 18 ಜನ ನಿಂತ ಹಲಗೆಯನ್ನು ಬೆನ್ನಿನಿಂದ ಎತ್ತಿದ. 4337 ಪೌಂಡ್, ಸುಮಾರು 1967 ಕೆ.ಜಿ. ದೊಡ್ಡ ಸಾಹಸವೇ. ಆದರೆ ಬೆನ್ನಿನಿಂದ ಎತ್ತುವಾಗ ಹಲಗೆ ಆಧಾರ ಬಿಟ್ಟು ಸ್ವಲ್ಪ ಮೇಲೆದ್ದರೆ ಸಾಕು. ಕಾಲು ಬಹುತೇಕ ನೆಟ್ಟಗೇ ಇರುತ್ತದೆ, ಭಾರದ ಬಹುಪಾಲು ಮೂಳೆಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ನೆಲದ ಮೇಲಿನ ಕಲ್ಲನ್ನು ಎದೆಗೆ ತರುವುದೇ ಬೇರೆ. 2020ರಲ್ಲಿ ಐಸ್‌ಲ್ಯಾಂಡಿನ ಹಾಫ್ಥೋರ್ ಬ್ಯೋರ್ನ್‌ಸನ್ ಬಾರ್ ಹಿಡಿದು ನೆಲದಿಂದ ಸೊಂಟದ ಮಟ್ಟಕ್ಕೆ ಎತ್ತಿದ್ದು 501 ಕೆ.ಜಿ. ಅದು ಆಗ ದಾಖಲೆ. ಹಾಗಿರುವಾಗ 1200 ಕೆ.ಜಿ. ಕಲ್ಲನ್ನು ಒಬ್ಬ ಮನುಷ್ಯ ಅಪ್ಪಿ ಎದೆಗೆ ತಂದ ಎಂದರೆ ನಾನು ಒಪ್ಪಲಾರೆ. ಗಾಮಾ ದೊಡ್ಡ ಕುಸ್ತಿಪಟು ಎಂಬುದು ಇದಕ್ಕೆ ಉತ್ತರವಲ್ಲ.

ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಎದೆಯ ಮೇಲೆ ಆನೆ ನಿಲ್ಲಿಸಿಕೊಂಡು ಹೆಸರಾದವರು. ಅವರ ಉಸಿರಿನ ಅಭ್ಯಾಸ, ಶಿಸ್ತು ಎಲ್ಲವೂ ದೊಡ್ಡದು. ಆದರೂ ಎದೆಯ ಮೇಲಿಟ್ಟ ಹಲಗೆಯ ತುದಿ ನೆಲಕ್ಕೆ ತಾಗಿದರೆ ಒಂದಷ್ಟು ಭಾರ ನೆಲಕ್ಕೇ ಹೋಗುತ್ತದೆ ಎನ್ನುವುದು ಮಕ್ಕಳಿಗೂ ಅರ್ಥವಾಗುವ ಲೆಕ್ಕ. ಇಂಥ ಆಟ ತೋರಿಸುವವರು ಇದನ್ನು ಬಿಡಿಸಿ ಹೇಳುವುದಿಲ್ಲ. ಹೇಳದೇ ಇರುವುದರಿಂದ ಆಗುವ ನಷ್ಟ ಯಾರಿಗೆ?

ನನ್ನ ಚಿಕ್ಕಪ್ಪನ ಮಗನಿಗೆ ಆಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಎದೆಯ ಮೇಲೆ ಚಪ್ಪಡಿ ಇಟ್ಟು ಸುತ್ತಿಗೆಯಿಂದ ಒಡೆಯುವ ಆಟ. ಈ ಆಟದಲ್ಲಿ ಕಲ್ಲು ಭಾರವಾಗಿದ್ದಷ್ಟೂ ಕೆಳಗೆ ಮಲಗಿದವನು ಕ್ಷೇಮ. ಭಾರದ ಕಲ್ಲು ಪೆಟ್ಟಿಗೆ ಬೇಗ ಕದಲುವುದಿಲ್ಲ, ಎದೆಗೆ ತಾಗುವುದು ಕಡಿಮೆ. ಹುಡುಗರಿಗೆ ಇದು ಗೊತ್ತಿರಲಿಲ್ಲ. ಪಾಪ, ಅವನಿಗೆ ನೋವಾಗಬಾರದು ಅಂತ ಹುಡುಕಿ ಹುಡುಕಿ ತೆಳು ಕಲ್ಲು ತಂದಿದ್ದರು. ಮೊದಲ ಪೆಟ್ಟಿಗೇ ಕಲ್ಲು ಎರಡಾಯಿತು, ಜನ ಚಪ್ಪಾಳೆ ಹೊಡೆದರು. ಅವನು ಏಳಲಿಲ್ಲ. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಈಗಲೂ ಚಳಿಗಾಲದಲ್ಲಿ ಅವನು ಎಡ ಮಗ್ಗುಲಿಗೆ ತಿರುಗಿ ಮಲಗುವುದಿಲ್ಲ.