ಒಪ್ಪಿಗೆ ಪತ್ರ ಯಾರ ಕನ್ನಡದಲ್ಲಿರಬೇಕು?

ವಿಶ್ವವಿದ್ಯಾಲಯವೊಂದರ ಮನಶ್ಶಾಸ್ತ್ರ ವಿಭಾಗದಲ್ಲಿ, ಮನುಷ್ಯರ ವರ್ತನೆಯ ಮೇಲೆ ಸಂಶೋಧನೆ ನಡೆಸುವ ಪ್ರಯೋಗಾಲಯವನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಪ್ರಯೋಗಾಲಯವೆಂದರೆ ಊರಿನವರಿಗೆ ಗಾಜಿನ ನಳಿಗೆ, ಆಸಿಡ್ ಬಾಟಲಿ ನೆನಪಾಗುತ್ತದೆ. ನಮ್ಮಲ್ಲಿರುವುದು ಗೋಡೆಗೆ ಮುಖ ಮಾಡಿದ ನಾಲ್ಕು ಕಂಪ್ಯೂಟರ್, ನಡುವೆ ಪ್ಲೈವುಡ್ ಹಲಗೆ, ಒಂದು ಯುಪಿಎಸ್ ಮತ್ತು ಬೀಗವಿರುವ ಎರಡು ಕಪಾಟು. ಒಂದರಲ್ಲಿ ಪ್ರಯೋಗದಲ್ಲಿ ಭಾಗವಹಿಸಲು ಒಪ್ಪಿ ಜನ ಸಹಿ ಹಾಕಿದ ಒಪ್ಪಿಗೆ ಪತ್ರಗಳಿರುತ್ತವೆ, ಇನ್ನೊಂದರಲ್ಲಿ ಹೆಸರಿಲ್ಲದೆ ಸಂಕೇತ ಸಂಖ್ಯೆ ಮಾತ್ರ ಇರುವ ಉತ್ತರ ಪತ್ರಿಕೆಗಳು. ಈ ಎರಡು ಬೀಗದ ಕೈಗಳು ಒಂದೇ ಗೊಂಚಲಿನಲ್ಲಿ ಇರಕೂಡದು ಎಂಬುದು ಹೊಸ ವಿದ್ಯಾರ್ಥಿಗಳಿಗೆ ನಾನು ಹೇಳುವ ಮೊದಲ ಮಾತು.

ಯಂತ್ರ ಕೆಟ್ಟರೆ ರಿಪೇರಿಯವರಿದ್ದಾರೆ, ಕರೆಂಟು ಹೋದರೆ ಯುಪಿಎಸ್ ಇದೆ. ಆದರೆ ಕಾಸರಗೋಡಿನಲ್ಲಿ ಇಂಥ ಪ್ರಯೋಗಾಲಯ ಹೆಚ್ಚಾಗಿ ಎಡವುವುದು ಒಪ್ಪಿಗೆ ಪತ್ರದ ಮತ್ತು ಸೂಚನೆಯ ಹಾಳೆಯ ಕನ್ನಡದಲ್ಲಿ ಎಂಬುದು ನನ್ನ ಅನುಭವ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಪ್ರಕಾರ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಜೊತೆಗಿರಬೇಕು. ನಮ್ಮ ಹಳೆಯ ಪತ್ರ ಹೀಗೆ ತೊಡಗುತ್ತಿತ್ತು: ‘ಪ್ರಸ್ತುತ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು...’ ಬದಿಯಡ್ಕದ ಕಡೆಯ ಹಿರಿಯ ಅಡಿಕೆ ಕೃಷಿಕರೊಬ್ಬರು ಅದನ್ನು ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿ ನನ್ನತ್ತ ತಿರುಗಿ, ‘ಇದಕ್ಕೆ ಸಹಿ ಹಾಕಿದ್ರೆ ನಾಳೆ ಜಾಗಕ್ಕೆ ಎಂತಾದ್ರೂ ತೊಂದರೆ ಉಂಟಾ ಮಾರಾಯ್ರೆ?’ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಭಾಷೆಯ ಕಾಗದವನ್ನು ಅವರು ಅಷ್ಟರ ತನಕ ಕಂಡದ್ದು ನೋಂದಣಿ ಕಚೇರಿಯಲ್ಲಿ ಮತ್ತು ಸಾಲದ ಅರ್ಜಿಯಲ್ಲಿ ಮಾತ್ರ. ಇನ್ನು ಎಣ್ಮಕಜೆಯ ಕಡೆಗೆ ಹೋದರೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲದ ನಂತರ ತಂಡದ ಮೇಲೆ ತಂಡ ಬಂದು ಪ್ರಶ್ನೆ ಕೇಳಿ ಹೋದ ಮನೆಗಳಿವೆ. ಅಲ್ಲಿ ಪ್ರಶ್ನಾವಳಿ ಹಿಡಿದು ಅಂಗಳಕ್ಕೆ ಕಾಲಿಡುವವನಿಗೆ ಮೊದಲು ಸ್ವಲ್ಪ ನಾಚಿಕೆಯಾಗಬೇಕು.

ಅನುವಾದ ಸರಿಯಿದೆಯೇ ಎಂದು ನೋಡಲು ಎಲ್ಲರೂ ನೆಚ್ಚುವುದು ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಮರು ಅನುವಾದದ ಕ್ರಮವನ್ನು: ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸುತ್ತಾರೆ, ಎರಡೂ ತಾಳೆಯಾದರೆ ಕೆಲಸ ಮುಗಿಯಿತು. ‘ಸ್ವಯಂಪ್ರೇರಿತ ಸಹಭಾಗಿತ್ವ’ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ, ಏಕೆಂದರೆ ಇಬ್ಬರು ಅನುವಾದಕರೂ ಎಂಎ ಓದಿದವರು.

ಸೂಚನೆಯ ಹಾಳೆಯ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಬಣ್ಣ ಮತ್ತು ಪದದ ಪ್ರಯೋಗವನ್ನು ಪ್ರತಿ ವರ್ಷವೂ ನಡೆಸುತ್ತೇವೆ. ‘ಕೆಂಪು’ ಎಂಬ ಪದ ಹಸಿರು ಬಣ್ಣದಲ್ಲಿ ಮೂಡುತ್ತದೆ. ಪದವನ್ನು ಓದದೆ ಬಣ್ಣವನ್ನು ಹೇಳಬೇಕು. ಪದ ಮತ್ತು ಬಣ್ಣ ಒಂದೇ ಆಗಿರುವಾಗಿಗಿಂತ ಹೇಳಲು ಹೆಚ್ಚು ತಗಲುವ ಮಿಲಿಸೆಕೆಂಡುಗಳೇ ಗಮನಶಕ್ತಿಗೆ ನಮ್ಮ ಅಳತೆ. ಮನೆಯಲ್ಲಿ ತುಳು ಮಾತಾಡುವ ಒಬ್ಬ ಹುಡುಗಿ ಹಸಿರು ಕಂಡಾಗಲೆಲ್ಲ ‘ಪಚ್ಚೆ’ ಎನ್ನುತ್ತಿದ್ದಳು. ಧ್ವನಿಮುದ್ರಣ ಕೇಳಿ ಅಂಕ ಹಾಕುತ್ತಿದ್ದ, ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿ ಅವನ್ನೆಲ್ಲ ತಪ್ಪು ಎಂದು ಗುರುತಿಸಿದ್ದ. ಅದನ್ನಾದರೂ ತಿದ್ದಬಹುದು. ಅರ್ಧದಿಂದಾಚೆ ಅವಳು ಪ್ರತಿ ಸಲವೂ ಒಂದು ಕ್ಷಣ ತಡೆದು, ‘ಪಚ್ಚೆ’ಯನ್ನು ನುಂಗಿಕೊಂಡು, ‘ಹಸಿರು’ ಎನ್ನತೊಡಗಿದ್ದಳು. ಆ ತಡೆಯನ್ನು ಕಂಪ್ಯೂಟರ್ ಗಮನಶಕ್ತಿಯ ಲೆಕ್ಕಕ್ಕೆ ಬರೆದುಕೊಂಡಿತು. ಶಾಲೆಯ ಕನ್ನಡದೆದುರು ಮನೆಯ ಮಾತು ಹಿಂಜರಿದದ್ದಕ್ಕೆ ನಮ್ಮ ಗ್ರಾಫಿನಲ್ಲಿ ಬೇರೆ ಗೆರೆಯಿಲ್ಲ. ಈಗ ಅಭ್ಯಾಸದ ಸುತ್ತಿನಲ್ಲಿ ಬಣ್ಣದ ಚೌಕಗಳನ್ನು ತೋರಿಸಿ, ‘ಮನೆಯಲ್ಲಿ ಇದಕ್ಕೆ ಎಂತ ಹೇಳ್ತೀರಿ?’ ಎಂದು ಮೊದಲೇ ಕೇಳಿ, ಅವರ ಪದವನ್ನೇ ಸರಿಯುತ್ತರವೆಂದು ದಾಖಲಿಸುತ್ತೇವೆ.

ಹಣದ ವಿಚಾರದಲ್ಲಿ ಕನ್ನಡ ಚೆನ್ನಾಗಿದ್ದರೂ ಸಾಲದು. ಹೆಸರು ಎಲ್ಲಿಯೂ ಹೋಗುವುದಿಲ್ಲವೆಂದು ಪತ್ರದಲ್ಲಿ ಬರೆದಿರುತ್ತಿದ್ದೆವು. ಆದರೆ ಬಸ್ಸಿನ ಖರ್ಚು ಕೊಡುವಾಗ ಲೆಕ್ಕಪತ್ರ ವಿಭಾಗ ಹೆಸರು, ವಿಳಾಸ, ಸಹಿ ಇರುವ ವೋಚರು ಕೇಳುತ್ತದೆ. ಅವರ ನಿಯಮ ಅವರಿಗೆ. ಎರಡು ತಿಂಗಳು ಪತ್ರ ಬರೆದು, ಯಾವ ಅಧ್ಯಯನ ಎಂಬುದು ವೋಚರಿನಲ್ಲಿ ಕಾಣದ ಹಾಗೆ ಮಾಡುವಷ್ಟಕ್ಕೆ ಒಪ್ಪಿಸಿದೆ, ಮತ್ತು ಆ ವಾಕ್ಯವನ್ನು ಪತ್ರದಲ್ಲಿ ತಿದ್ದಿ, ಹೆಸರು ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತದೆ ಎಂಬ ಉಳಿದ ಸತ್ಯವನ್ನೂ ಸೇರಿಸಿದೆ.

ನಮ್ಮ ಪತ್ರ ಈಗ ಹೀಗೆ ತೊಡಗುತ್ತದೆ: ‘ಇದು ನಿಮ್ಮ ಬುದ್ಧಿಯ ಪರೀಕ್ಷೆ ಅಲ್ಲ. ಸಾಕು ಎನಿಸಿದರೆ ನಡುವೆ ಎದ್ದು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ. ಬಸ್ಸಿನ ಹಣ ಪೂರ್ತಿ ಸಿಗುತ್ತದೆ.’ ಕಳೆದ ವಾರ ಕುಂಬಳೆಯಿಂದ ಬಂದಿದ್ದ ಅಕ್ಕ ಒಬ್ಬರು ಅರ್ಧದಲ್ಲೇ ಎದ್ದು, ಚೀಲ ತೆಗೆದುಕೊಂಡು, ‘ನಾನು ಹೊರಟೆ ಆಯ್ತಾ’ ಎಂದರು. ಪಿಎಚ್‌ಡಿ ಹುಡುಗನ ಮುಖ ಸಪ್ಪಗಾಯಿತು. ನಾನು ಅವರಿಗೆ ಪೂರ್ತಿ ಹಣ ಎಣಿಸಿ ಕೊಟ್ಟೆ.