ಕೋಡ್ ಮುಟ್ಟಿಲ್ಲ ಅಂದಮೇಲೆ ಹೇಗೆ ಕೆಡುತ್ತೆ ಅಂತಾರೆ!

ನಮ್ಮ ತೂಕದ ಪ್ರೋಗ್ರಾಂ ಬಳಸುವ ತಿಪಟೂರಿನ ಕೊಬ್ಬರಿ ಮಂಡಿಯಿಂದ ಮತ್ತೆ ಫೋನ್. "ಸಾರ್, ಸಂಜೆ ಪ್ರೋಗ್ರಾಂ ಕ್ಲೋಸ್ ಮಾಡಿದ್ರೆ ಕೊನೇ ತೂಕ ಲೆಕ್ಕಕ್ಕೇ ಬರ್ತಿಲ್ಲ, ಆ ಚೀಲದ ದುಡ್ಡು ಯಾರು ಕೊಡ್ತಾರೆ?" ಅವರು ಬೈಯುವುದರಲ್ಲಿ ತಪ್ಪೇನಿಲ್ಲ. ನನಗೆ ಉರಿಯುವುದು ತುಮಕೂರಿನ ನಮ್ಮ ಆಫೀಸಿನವರ ಮೇಲೆ.

ಹಿಂದೆ ಇದ್ದ ಪುಣ್ಯಾತ್ಮರು ಲಾಗ್‌ಗೆ (ನಡೆದದ್ದನ್ನು ಬರೆದಿಡುವ ಭಾಗಕ್ಕೆ) ಒಂದು ಗ್ಲೋಬಲ್ ಆಬ್ಜೆಕ್ಟ್ (ಪ್ರೋಗ್ರಾಂ ಶುರುವಾಗುವಾಗ ಹುಟ್ಟಿ, ಮುಚ್ಚುವಾಗ ಸಾಯುವಂಥದ್ದು), ತಕ್ಕಡಿಗೆ ಇನ್ನೊಂದು, ಎರಡನ್ನೂ ಬೇರೆ ಬೇರೆ ಫೈಲ್‌ನಲ್ಲಿ ಇಟ್ಟು ಹೋಗಿದ್ದಾರೆ. ತಕ್ಕಡಿಯ ಡಿಸ್ಟ್ರಕ್ಟರ್, ಅಂದರೆ ಅದು ಸಾಯುವಾಗ ಓಡುವ ಕೋಡ್, ಕೊನೇ ತೂಕವನ್ನು ಲಾಗ್‌ಗೆ ಬರೆಯುತ್ತದೆ. ಇದನ್ನು ಬರೆದಿರುವ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಇಂಥ ಆಬ್ಜೆಕ್ಟ್‌ಗಳು ಒಂದೇ ಫೈಲ್ ಒಳಗಾದರೆ ಬರೆದ ಕ್ರಮದಲ್ಲೇ ಹುಟ್ಟುತ್ತವೆ, ತಿರುಗಾ ಮುರುಗಾ ಕ್ರಮದಲ್ಲಿ ಸಾಯುತ್ತವೆ. ಫೈಲ್ ಬೇರೆಯಾದರೆ ಯಾವುದು ಮೊದಲು ಅಂತ ಭಾಷೆ ಯಾವ ಮಾತೂ ಕೊಡುವುದಿಲ್ಲ. ಫೈಲ್‌ಗಳನ್ನೆಲ್ಲ ಸೇರಿಸಿ ಒಂದು ಪ್ರೋಗ್ರಾಂ ಮಾಡುವ ಲಿಂಕರ್‌ಗೆ ಅವು ಯಾವ ಕ್ರಮದಲ್ಲಿ ಸಿಕ್ಕವೋ ಸಾಮಾನ್ಯವಾಗಿ ಅದೇ ಗತಿ.

ಇಷ್ಟು ದಿನ ಹೇಗೆ ನಡೀತು ಗೊತ್ತಾ? ಪ್ರೋಗ್ರಾಂ ಬಿಲ್ಡ್ ಮಾಡುವ, ಅಂದರೆ ಕಟ್ಟುವ, ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಫೈಲ್ ಹೆಸರು ಬರೆಯದೆ ವೈಲ್ಡ್‌ಕಾರ್ಡ್ (ಇರುವ ಫೈಲೆಲ್ಲ ತಗೋ ಅನ್ನುವ ಗುರುತು) ಹಾಕಿದ್ದಾರೆ. ಅದನ್ನು ಓದಿ ಕೆಲಸ ಮಾಡುವ ಗ್ನೂ ಮೇಕ್ 4.3 ಹೆಸರುಗಳನ್ನು ಅಕ್ಷರದ ಪ್ರಕಾರ ಜೋಡಿಸುತ್ತದೆ, ಲಾಗ್ ಮೊದಲು ಬಂತು, ಬದುಕಿಕೊಂಡೆವು. ಗಿರಾಕಿಯ ಕಂಪ್ಯೂಟರ್ ಹಳೆಯದು ಅಂತ ಈ ಸಲ ಉಬುಂಟು 20.04 ಆಪರೇಟಿಂಗ್ ಸಿಸ್ಟಂ ಇರುವ ಮಷಿನ್‌ನಲ್ಲಿ ಬಿಲ್ಡ್ ಮಾಡಿದೆವು. ಅದರಲ್ಲಿರುವುದು ಮೇಕ್ 4.2.1. 3.82ರಿಂದ 4.2.1ರವರೆಗಿನವು ಜೋಡಿಸುವುದೇ ಇಲ್ಲ, ಡಿಸ್ಕ್ ಕೊಟ್ಟ ಹಾಗೆ ತಗೊಳ್ಳುತ್ತವೆ. ತಕ್ಕಡಿ ಮೊದಲು ಹುಟ್ಟಿತು. ಮುಚ್ಚುವಾಗ ಲಾಗ್ ಮೊದಲು ಸತ್ತಿತು, ಸತ್ತ ಲಾಗ್‌ಗೆ ತಕ್ಕಡಿ ಬರೆಯಲು ಹೋಗಿ ಕ್ರ್ಯಾಶ್. ಒಂದು ಅಕ್ಷರವೂ ಬದಲಾಗಿಲ್ಲ! ಇದನ್ನು ವಿವರಿಸಿದರೆ ಆಫೀಸಿನವರು "ಕೋಡ್ ಮುಟ್ಟಿಲ್ಲ ಅಂದಮೇಲೆ ಹೇಗೆ ಕೆಡುತ್ತೆ, ನಿಮ್ಮ ಬಿಲ್ಡ್‌ನಲ್ಲೇ ಏನೋ ಎಡವಟ್ಟು" ಅಂತಾರೆ.

ಆಮೇಲೆ ಸಲಹೆಗಳು ಶುರು. ಒಬ್ಬರು, ಸುಮ್ನೆ ಇನಿಟ್ ಪ್ರಯಾರಿಟಿ (ಯಾವುದು ಮೊದಲು ಹುಟ್ಟಬೇಕು ಅನ್ನುವ ನಂಬರ್) ಕೊಡು ಅಂದರು. ಜಿಸಿಸಿ ಕಂಪೈಲರ್‌ನಲ್ಲಿ 101ರಿಂದ 65535ರವರೆಗೆ ಕೊಡಬಹುದು, ಸಣ್ಣ ನಂಬರ್ ಮೊದಲು. ತೆಗೆದು ನೋಡಿದರೆ ಪ್ರಿಂಟರ್ ಕೋಡ್ 101, ಡೇಟಾಬೇಸ್ ಕೋಡ್ 101. ಮದುವೆ ಊಟಕ್ಕೆ ಎಲ್ಲರೂ ಮೊದಲ ಪಂಕ್ತಿಯಲ್ಲೇ ಕೂರುತ್ತೀನಿ ಅಂದ ಹಾಗಾಯಿತು. ನಂಬರ್ ಒಂದೇ ಆದರೆ ಮತ್ತೆ ಲಿಂಕರ್‌ನ ಕಾಲಿಗೇ ಬೀಳಬೇಕು.

ಇನ್ನೊಬ್ಬರು, ಲಾಗ್ ಅನ್ನು ಫಂಕ್ಷನ್ ಒಳಗೆ ಸ್ಟ್ಯಾಟಿಕ್ ಮಾಡು, ಮೊದಲ ಸಲ ಕರೆದಾಗ ಹುಟ್ಟುತ್ತದೆ ಅಂದರು. ಹುಟ್ಟುವುದೇನೋ ಹುಟ್ಟುತ್ತದೆ. ಆದರೆ ತಕ್ಕಡಿಯ ಕನ್‌ಸ್ಟ್ರಕ್ಟರ್ (ಅದು ಹುಟ್ಟುವಾಗ ಓಡುವ ಕೋಡ್) ಒಳಗೇ ಅದನ್ನು ಕರೆಯದಿದ್ದರೆ ಲಾಗ್ ಆಮೇಲೆ ಹುಟ್ಟಿ ಮೊದಲೇ ಸಾಯುತ್ತದೆ, ಅದೇ ರೋಗ. ಈ ಅರ್ಧವನ್ನು ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ಮೇಲಿನದು ನಮ್ಮ ಮ್ಯಾನೇಜರ್ ಅವರದು: ಕೊನೆಯಲ್ಲಿ ಅಂಡರ್‌ಸ್ಕೋರ್ ಎಕ್ಸಿಟ್ (ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸುವ ಕರೆ) ಹಾಕಿಬಿಡಿ, ಕ್ರ್ಯಾಶ್ ಕಾಣಲ್ಲ. ಕಾಣಲ್ಲ, ನಿಜ. ಡಿಸ್ಟ್ರಕ್ಟರ್‌ಗಳು ಓಡುವುದೇ ಇಲ್ಲವಲ್ಲ! ಆಗ ಕೊನೇ ತೂಕ ದಿನಾ ಹೋಗುತ್ತದೆ, ಅದೂ ಸದ್ದಿಲ್ಲದೆ.

ನಾನು ಹೇಳುವುದು ಇಷ್ಟೇ: ಪ್ರೋಗ್ರಾಂನ ಮುಖ್ಯ ಫಂಕ್ಷನ್ ಆದ ಮೇನ್ ಒಳಗೆ ಮೊದಲು ಲಾಗ್, ಅದರ ಕೆಳಗೆ ತಕ್ಕಡಿ, ಎರಡು ಸಾಲು ಬರೆದು ಬೇಕಾದವರಿಗೆ ಕೈಗೆ ಕೊಟ್ಟರೆ ಮುಗಿಯಿತು. ಕ್ರಮ ಕಣ್ಣಿಗೇ ಕಾಣುತ್ತದೆ, ಯಾವ ಮೇಕ್ ಬಂದರೂ ಬದಲಾಗಲ್ಲ. ಅದಕ್ಕೆ ಒಪ್ಪಿಗೆ ಕೇಳಿದರೆ "ಓಡ್ತಿರೋದನ್ನ ಯಾಕೆ ಮುಟ್ತೀರಿ" ಅಂತೆ. ಎಲ್ಲಿ ಓಡ್ತಿದೆ ಸ್ವಾಮಿ?